ಗಾಜಿನ ಕೊಳದ ಮಿಂಚುಳ್ಳಿ

ಮಿಂಚುಳ್ಳಿಯ ಕೆಳಗೆ ನೀಲಿ ಪುಡಿ ಬಿದ್ದಿತ್ತು. ಕೊಳದಮ್ಮ ಮೊದಲು ಅದನ್ನು ಉದುರಿದ ಬಣ್ಣ ಎಂದುಕೊಂಡರು. ಗಾಜಿನ ಪೆಟ್ಟಿಗೆಯ ಹಿಂಬದಿಯ ಸಣ್ಣ ಬಾಗಿಲಲ್ಲಿ ಕೈ ತೂರಿಸಿ ಮೆತ್ತನೆಯ ಕುಂಚದಿಂದ ಧೂಳು ತೆಗೆಯುತ್ತಿದ್ದವರು, ಪುಡಿಯನ್ನು ಬೆರಳ ತುದಿಗೆ ಅಂಟಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಬಣ್ಣವಲ್ಲ, ಗರಿ. ಕತ್ತರಿಯಲ್ಲಿ ಸಣ್ಣಗೆ ತರಿದಂತಿತ್ತು. ನಡುವೆ ಕಂದು ಬಣ್ಣದ, ಮೈಯೆಲ್ಲ ಕೂದಲಿದ್ದ ಒಂದು ಖಾಲಿ ಸಿಪ್ಪೆ.

ಬಾಗಿಲ ಬೀಗ ತೆಗೆಯುತ್ತಿದ್ದ ಕಾವಲುಗಾರ ಅಲ್ಲಿಂದಲೇ ಕೂಗಿದ: "ಏನಮ್ಮಾ, ಬೆಳಿಗ್ಗೆ ಬೆಳಿಗ್ಗೆ ಹಕ್ಕಿ ಮೊಟ್ಟೆ ಇಟ್ಟಿದ್ಯಾ?"

"ಇಲ್ಲಪ್ಪ. ಹಕ್ಕಿಗೇ ಯಾರೋ ಬಾಯಿ ಹಾಕಿದ್ದಾರೆ."

ಆ ಸಂಗ್ರಹಾಲಯದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ, ಎಲ್ಲರಿಗೂ ಅವರು ಕೊಳದಮ್ಮ. ಕೆಳಗಿನ ಹಜಾರದ ಮೂಲೆಯಲ್ಲಿರುವ ಆಳೆತ್ತರದ ಗಾಜಿನ ಪೆಟ್ಟಿಗೆಯಲ್ಲಿ ಒಂದು ಕೊಳವಿದೆ. ಒಂದು ಹನಿ ನೀರಿಲ್ಲದ ಕೊಳ. ಕಲ್ಲಿಗೆ ಅಂಟಿದ ಪಾಚಿ, ಪಾಚಿಗೆ ಬಾಯಿಟ್ಟ ಗೊದಮೊಟ್ಟೆಗಳು, ಅವುಗಳಲ್ಲಿ ಒಂದನ್ನು ಕಚ್ಚಿ ಹಿಡಿದ ಏರೋಪ್ಲೇನ್ ಚಿಟ್ಟೆಯ ಮರಿ, ಅದರ ಹಿಂದೆ ಹೊಂಚು ಹಾಕಿದ ಮೀನು, ಮೇಲೆ ಒಣ ಕೊಂಬೆಯಲ್ಲಿ ಕೂತು ಆ ಮೀನನ್ನೇ ನೋಡುತ್ತಿರುವ ಮಿಂಚುಳ್ಳಿ. ಹಕ್ಕಿಯೊಂದನ್ನು ಬಿಟ್ಟರೆ ಜೀವಿಗಳೆಲ್ಲ ಮೇಣದವು. ಹಿಂದಿನ ಹಲಗೆಯ ಮೇಲೆ ನೀರು ಬರೆದವರು ಕೊಳದಮ್ಮ. ಮೇಣ ಎರೆದವರು ಅವರ ಗಂಡ. ಮೇಣದ ಮೇಷ್ಟ್ರು ಎಂದೇ ಹೆಸರಾಗಿದ್ದ ಅವರು ತೀರಿಹೋದ ಮೇಲೆ ಕೊಳದ ಆರೈಕೆ ಪೂರ್ತಿ ಹೆಂಡತಿಯ ಪಾಲಿಗೆ ಬಂತು.

ಅವರು ಅಲ್ಲಿಗೆ ಬಂದದ್ದು ಬೋರ್ಡು ಬರೆಯುವ ಹುಡುಗಿಯಾಗಿ. 'ಮುಟ್ಟಬೇಡಿ', 'ಸದ್ದು ಮಾಡಬೇಡಿ' ಎಂದು ಬರೆಯುತ್ತ ಏಣಿಯ ಮೇಲೆ ನಿಂತಿದ್ದಾಗ, ಕೈಯೆಲ್ಲ ಮೇಣ ಮೆತ್ತಿಕೊಂಡ ಒಬ್ಬ ಯುವಕ ಕೆಳಗಿನಿಂದ ಕೇಳಿದ್ದ:

"ನೀರು ಬರೆಯೋಕೆ ಬರುತ್ತಾ ನಿಮಗೆ?"

"ಬರೆಯೋಕೆ ಬರುತ್ತೆ. ಕುಡಿಯೋಕಾಗಲ್ಲ ಅಷ್ಟೇ."

ಮದುವೆಯಾದ ಮೇಲೆ ಭಾನುವಾರಗಳು ಊರ ಹೊರಗಿನ ಕೊಳದ ದಂಡೆಯಲ್ಲಿ ಕಳೆದವು. ಬೇರೆ ಗಂಡಂದಿರು ಹೆಂಡತಿಯನ್ನು ಸಿನಿಮಾಕ್ಕೆ ಕರೆದೊಯ್ಯುತ್ತಿದ್ದ ಕಾಲ ಅದು. ಇವರು ಪಾದ ನೀರಲ್ಲಿ ಇಳಿಬಿಟ್ಟು ಕೂತು, ಯಾರು ಯಾರನ್ನು ತಿನ್ನುತ್ತಾರೆ ಎಂದು ನೋಡುತ್ತಿದ್ದರು. ಕಣ್ಣಾರೆ ಕಾಣದ ಊಟವನ್ನು ಪೆಟ್ಟಿಗೆಯಲ್ಲಿ ತೋರಿಸಬಾರದು ಎಂಬುದು ಮೇಷ್ಟರ ಹಟ. ಏರೋಪ್ಲೇನ್ ಚಿಟ್ಟೆಯ ಮರಿ ನೀರೊಳಗೆ ಗೊದಮೊಟ್ಟೆ ಹಿಡಿಯುತ್ತದೆ ಎಂದು ಪುಸ್ತಕದಲ್ಲಿದ್ದರೂ ನಂಬದೆ, ಎರಡನ್ನೂ ಒಂದು ಗಾಜಿನ ಭರಣಿಯಲ್ಲಿ ಹಾಕಿ ಊಟದ ಮೇಜಿನ ಮೇಲಿಟ್ಟಿದ್ದರು. ಕೊಳದಮ್ಮ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. "ಅವರದ್ದು ಮುಗೀಲಿ, ಆಮೇಲೆ ನಮ್ದು" ಎಂದರು. ಗಂಡ ಅಲ್ಲಾಡದೆ ಕೂತಿದ್ದರು, ಅನ್ನ ಆರಿತು. ಕೊನೆಗೆ ಮರಿಯ ಕೆಳದುಟಿ ಚಾಕು ಬಿಚ್ಚಿದ ಹಾಗೆ ಮುಂದಕ್ಕೆ ಚಿಮ್ಮಿದಾಗ ಅವರು ಹೊಡೆದ ಕೂಗಿಗೆ ಪಕ್ಕದ ಮನೆಯವರು ಓಡಿ ಬಂದರು.

ಕೊಳ ಮುಗಿಯುತ್ತ ಬಂದಾಗ ಆಗಿನ ಹಿರಿಯ ಅಧಿಕಾರಿ ಒಂದು ಸಲಹೆ ಕೊಟ್ಟರು. ಒಂದೇ ಹಕ್ಕಿ ಬಿಕೋ ಎನ್ನುತ್ತದೆ, ಮೂರು ಇಟ್ಟರೆ ಕಳೆ ಬರುತ್ತದೆ.

"ಮೂರು ಇಟ್ರೆ ನಾಳೆ ಬೆಳಿಗ್ಗೆ ಕೊಳ ಖಾಲಿ ಸಾರ್" ಎಂದರು ಮೇಷ್ಟ್ರು. "ಇರೋ ಮೀನು ಒಂದು ಹಕ್ಕಿಗೇ ಕಷ್ಟ. ಹಕ್ಕಿ ಮೂರು ಬೇಕು ಅಂದ್ರೆ ಮೀನು ಹೆಚ್ಚಿಸ್ಬೇಕು, ಮೀನಿಗೆ ಗೊದಮೊಟ್ಟೆ, ಗೊದಮೊಟ್ಟೆಗೆ ಪಾಚಿ. ಪೆಟ್ಟಿಗೆ ದೊಡ್ಡದು ಮಾಡಿಸ್ತೀರಾ?"

"ಮೇಣದ ಮೀನನ್ನ ಹಕ್ಕಿ ತಿನ್ನುತ್ತೇನ್ರೀ?"

"ತಿನ್ನಲ್ಲ. ಆದ್ರೆ ನೋಡೋ ಮಕ್ಕಳು ಲೆಕ್ಕ ಹಾಕ್ತಾರೆ."

ಅಧಿಕಾರಿ ತಲೆ ಚಚ್ಚಿಕೊಂಡು ಹೋದರು. ಹಕ್ಕಿ ಒಂದೇ ಉಳಿಯಿತು. ಅದು ಯಾವುದೋ ಕಟ್ಟಡದ ಗಾಜಿಗೆ ಡಿಕ್ಕಿ ಹೊಡೆದು ಸತ್ತಿದ್ದ ನಿಜವಾದ ಮಿಂಚುಳ್ಳಿ. ಮೇಣದ ಗರಿ ಯಾರ ಕಣ್ಣನ್ನೂ ನಂಬಿಸುವುದಿಲ್ಲವೆಂದು ಮೇಷ್ಟ್ರು ಅದರ ಚರ್ಮ ಬಿಡಿಸಿ ಹತ್ತಿ ತುಂಬಿದರು. ಹುಳ ಹತ್ತದಂತೆ ಒಳಗೆ ವಿಷದ ಪುಡಿ ಬಳಿಯುವುದು ವಾಡಿಕೆ. ಅವರು ಬಳಿಯಲಿಲ್ಲ. ಆಗ ಮಗಳು ತೆವಳುತ್ತಿದ್ದಳು. ಮನೆಯೂ ಕೆಲಸದ ಕೋಣೆಯೂ ಒಂದೇ ಆಗಿತ್ತು, ನೆಲದಲ್ಲಿ ಸಿಕ್ಕಿದ್ದೆಲ್ಲ ಅವಳ ಬಾಯಿಗೆ ಹೋಗುತ್ತಿತ್ತು.

ಕೊಳ ನೋಡಿ ಎಲ್ಲರೂ ಹೊಗಳಿದರು. ಹೆಂಡತಿ ಮಾತ್ರ ಸೊಂಟಕ್ಕೆ ಕೈಕೊಟ್ಟು ನಿಂತರು.

"ಕಸ ಎಲ್ಲಿ?"

"ಯಾವ ಕಸ?"

"ನಾವು ಭಾನುವಾರ ಭಾನುವಾರ ಕೂರ್ತಿದ್ದ ಕೊಳದಲ್ಲಿ ಕಾಲಿಟ್ರೆ ಎಲೆ, ಕೊಳೆತ ಕಡ್ಡಿ, ಕೆಸರು. ನಿಮ್ಮ ಕೊಳ ಮದುವೆ ಮನೆ ಹಾಗಿದೆ. ಎಲ್ಲರೂ ತಿಂತಿದ್ದಾರೆ, ಎಲೆ ಎತ್ತೋರೇ ಇಲ್ಲ."

ಮೇಷ್ಟ್ರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ, ಬಸವನಹುಳ ಮಾಡಲು ಮೇಣ ಕಾಯಿಸುತ್ತ, ತಲೆ ಎತ್ತದೆ ಹೇಳಿದರು: "ಎಲೆ ನೀನೇ ತಾ. ಹಸಿ ಎಲೆ ತಂದು ಹುಳ ಹತ್ತಿಸ್ಬೇಡ ಅಷ್ಟೇ."

ಅಂದಿನಿಂದ ವರ್ಷಕ್ಕೊಮ್ಮೆ ಅವರ ಮನೆಯಲ್ಲಿ ಎಲೆ ಹುರಿಯುವ ಕೆಲಸ ನಡೆಯಿತು. ಬಿದ್ದ ಎಲೆಗಳನ್ನು ಆರಿಸಿ ತಂದು, ಅಗಲ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮೆಲ್ಲಗೆ ಕೈಯಾಡಿಸಬೇಕು. ಹುಳದ ಮೊಟ್ಟೆ ಸಾಯಬೇಕು, ಎಲೆ ಸೀಯಬಾರದು. ಮನೆ ತುಂಬ ಒಣಗಿದ ತೋಟದ ವಾಸನೆ. ಮಗಳ ಗೆಳತಿಯರು ಬಂದಾಗ ಅವಳು ಬಾಗಿಲಲ್ಲೇ ಹೇಳಿಬಿಡುತ್ತಿದ್ದಳು: "ಗಾಬರಿ ಆಗ್ಬೇಡಿ, ನಮ್ಮಮ್ಮ ಕಸ ಹುರೀತಿದ್ದಾಳೆ."

ಕಳೆದ ವರ್ಷ ಕೊಳದಮ್ಮ ಮಗಳ ಮನೆಯಲ್ಲಿರಲು ಬಂದರು. ಮಗಳು, ಅಳಿಯ ಇಬ್ಬರೂ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ಅಡುಗೆಮನೆ ತಮ್ಮದಲ್ಲ. ಕಿಟಕಿ ಚಿಕ್ಕದು, ಹೊಗೆ ಹೋಗುವುದಿಲ್ಲ, ಬಾಣಲೆಗಳೆಲ್ಲ ಹೊಸವು. ಈ ಸಲ ಹುರಿಯುವುದು ಬೇಡ, ಬಿಸಿಲೇ ಸಾಕು ಎಂದುಕೊಂಡು ಎಲೆಗಳನ್ನು ತಾರಸಿಯಲ್ಲಿ ಹರಡಿ ಒಣಗಿಸಿ ಪೆಟ್ಟಿಗೆಯೊಳಗೆ ಹಾಸಿದ್ದರು.

ಈಗ ಸಂಗ್ರಹಾಲಯದ ಹೊಣೆ ಹೊತ್ತಿರುವವರು ಕೀಟಗಳನ್ನೇ ಓದಿಕೊಂಡು ಬಂದ ಮಹಿಳೆ, ಮಗಳಿಗಿಂತ ಸ್ವಲ್ಪ ದೊಡ್ಡವರು. ಸುದ್ದಿ ತಿಳಿದು ಭೂತಗನ್ನಡಿ ಹಿಡಿದು ಬಂದರು. ಹಕ್ಕಿಯ ರೆಕ್ಕೆ ಮೆಲ್ಲಗೆ ಎತ್ತಿದರು. ಆ ಬದಿಯ ಎದೆ ಪೂರ್ತಿ ಬೋಳಾಗಿ ಹತ್ತಿ ಕಾಣುತ್ತಿತ್ತು. ಹತ್ತಿಯ ತುಂಬ ಅದೇ ಕಂದು ಸಿಪ್ಪೆಗಳು.

"ಗರಿ ತಿನ್ನೋ ಹುಳ. ಇಷ್ಟು ಸಿಪ್ಪೆ ಇದೆ ಅಂದ್ರೆ ಒಳಗೆ ಸಂಸಾರವೇ ಹೂಡಿವೆ, ಅಮ್ಮ."

"ಎಲೆ ನಾನೇ ತಂದಿದ್ದು ಮೇಡಂ. ಈ ಸಲ ಹುರೀಲಿಲ್ಲ."

"ಎಲೆಯಿಂದಲೇ ಅಂತ ಹೇಳೋಕಾಗಲ್ಲ. ದೊಡ್ಡದಾದ್ಮೇಲೆ ಇವು ಹೂವಿನ ಪುಡಿ ತಿನ್ಕೊಂಡಿರ್ತವೆ, ಕಿಟಕಿಯಿಂದ ಹಾರಿ ಬಂದು ಮೊಟ್ಟೆ ಇಟ್ಟಿರಬಹುದು. ಎಲ್ಲಾ ನಿಮ್ಮ ತಲೆ ಮೇಲೆ ಹಾಕ್ಕೋಬೇಡಿ." ಆಕೆ ಭೂತಗನ್ನಡಿ ಕೆಳಗಿಟ್ಟರು. "ಹೊರಗಡೆ ಇದ್ದಿದ್ರೆ ಇವಕ್ಕೆ ಕೈ ಮುಗೀಬೇಕು. ಸತ್ತಿದ್ದನ್ನ ಮಣ್ಣಿಗೆ ಸೇರಿಸೋರಲ್ಲಿ ಇವೂ ಸೇರಿವೆ. ಆದ್ರೆ ಪಕ್ಕದ ಕೋಣೇಲಿ ಚಿಟ್ಟೆಗಳಿವೆ. ಅಲ್ಲಿಗೆ ಹೋದ್ರೆ ಏನೂ ಉಳಿಯಲ್ಲ."

ಹುಳ ತಿನ್ನುವಂಥದ್ದೇನೂ ಇನ್ನು ಪೆಟ್ಟಿಗೆಯಲ್ಲಿ ಇರುವಂತಿಲ್ಲ. ಹಾಗಾಗಿ ಎರಡೇ ದಾರಿ ಉಳಿದಿದ್ದವು. ಹಕ್ಕಿಯನ್ನೂ ಎಲೆಗಳನ್ನೂ ತೆಗೆದು, ಪೆಟ್ಟಿಗೆ ಶುಚಿ ಮಾಡಿ ಮೇಣದ್ದಷ್ಟನ್ನು ಉಳಿಸಿಕೊಳ್ಳುವುದು ಒಂದು. ಎಲ್ಲವನ್ನೂ ಬಿಚ್ಚಿ ಆ ಮೂಲೆಯಲ್ಲಿ ಚಿತ್ರ ಓಡುವ ಪರದೆ ಹಾಕುವುದು ಇನ್ನೊಂದು. ಬೆಳಿಗ್ಗೆ ಬಂದು ಹೇಳಿ ಎಂದರು ಅಧಿಕಾರಿ.

ಕೊಳದಮ್ಮ ಬಸ್ಸಿನಲ್ಲಿ ಮನೆಗೆ ಬಂದರು. ಕೊಳ ಹೋದರೆ ಗಂಡನ ಕೈಕೆಲಸ ಎಂದು ಜಗತ್ತಿನಲ್ಲಿ ಬೇರೇನೂ ಉಳಿಯುವುದಿಲ್ಲ. ಉಳಿಸಿಕೊಂಡರೆ ಮೇಲೆ ಹಕ್ಕಿಯಿಲ್ಲ, ಕೆಳಗೆ ಕಸವಿಲ್ಲ. ನಡುವೆ ಒಂದಷ್ಟು ಮೇಣದ ಬೊಂಬೆ. ಮದುವೆ ಮನೆ ಎಂದು ತಾವೇ ಆಡಿಕೊಂಡ ಕೊಳಕ್ಕಿಂತ ಕಡೆ. ಮಗಳು ತರಕಾರಿ ಹೆಚ್ಚುತ್ತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದರು.

"ಹುರೀಬೇಕಿತ್ತು" ಎಂದರು.

"ಹುರಿಯೋದಲ್ವಾ ಅಮ್ಮ? ನಾನೇನು ಬೇಡ ಅಂದ್ನಾ? ಎಲ್ಲಾ ನೀನೇ ಅಂದ್ಕೋತೀಯ, ನೀನೇ ಕೊರಗ್ತೀಯ."

"ನಿನ್ನ ಬಾಣಲೆ ಹೊಸದು ಕಣೆ."

"ಬಾಣಲೆಯೇನು ಪೂಜೆಗೆ ಇಟ್ಕೊಂಡಿದ್ದೀನಾ?" ಮಗಳಿಗೆ ನಗು ಬಂತು, ಕಣ್ಣೂ ತುಂಬಿತು. ಈರುಳ್ಳಿಯನ್ನು ಅತ್ತ ಸರಿಸಿ ಕೇಳಿದಳು: "ಅಪ್ಪ ಇದ್ದಿದ್ರೆ ಹಕ್ಕಿ ತೆಗೆದಿದ್ದಕ್ಕೆ ಬೈತಿದ್ರಾ?"

ಕೊಳದಮ್ಮ ಆ ಈರುಳ್ಳಿಯನ್ನು ತಮ್ಮತ್ತ ಎಳೆದುಕೊಂಡರು.

"ಹಕ್ಕಿ ತೆಗೆದಿದ್ದಕ್ಕೆ ಬೈತಿರಲಿಲ್ಲ" ಎಂದರು. "ಹಕ್ಕಿ ತೆಗೆದು ಉಳಿದಿದ್ದನ್ನ ಹಾಗೇ ಬಿಟ್ರೆ ಬೈತಿದ್ರು."

ಮರುದಿನ ಅಧಿಕಾರಿಯ ಕೋಣೆಯಲ್ಲಿ ಕೂರದೆ ನಿಂತೇ ಹೇಳಿದರು: "ಪರದೆ ಬೇಡ ಮೇಡಂ. ಹಕ್ಕಿ ತೆಗೀರಿ. ಆದ್ರೆ ಹಿಡಿಯೋ ಹಕ್ಕಿ ಇಲ್ಲ ಅಂದ್ಮೇಲೆ ಮೀನು ಜಾಸ್ತಿ ಆಗ್ಬೇಕು."

ಅಧಿಕಾರಿ ನಗಲು ಹೊರಟವರು ತಡೆದುಕೊಂಡರು. ಪೆನ್ನು ಮುಚ್ಚಿಟ್ಟರು.

"ಮೀನು ಜಾಸ್ತಿ ಆದ್ರೆ ಗೊದಮೊಟ್ಟೆ ಕಮ್ಮಿ."

"ಏರೋಪ್ಲೇನ್ ಚಿಟ್ಟೆ ಮರೀನೂ ಕಮ್ಮಿ."

"ಗೊದಮೊಟ್ಟೆ ಕಮ್ಮಿ ಆದ್ರೆ ಪಾಚಿಗೆ ಹೇಳೋರು ಕೇಳೋರು ಇಲ್ಲ."

"ನೀರು ಹಸಿರಾಗುತ್ತೆ."

"ಅಯ್ಯೋ, ಹಿಂದಿನ ಹಲಗೆ ಪೂರ್ತಿ ಮತ್ತೆ ಬರೀಬೇಕಲ್ಲ ಅಮ್ಮ!"

"ಅದಕ್ಕೇ ಬಂದಿರೋದು. ಹೊಸ ಮೀನೂ ಎಲೇನೂ ಮೇಣದಲ್ಲೇ ಮಾಡ್ತೀನಿ. ಒಂದೆರಡು ತಿಂಗಳು ಕೊಡಿ."

ಮೇಣ ಅವರ ಕೈಗೆ ಒಗ್ಗಿದ್ದಲ್ಲ. ಗಂಡನಿದ್ದಾಗ ಒಲೆಯ ಹತ್ತಿರ ಹೋಗಲು ಬಿಡುತ್ತಿರಲಿಲ್ಲ; ಬಣ್ಣದವರಿಗೆ ಕಾಯುವ ತಾಳ್ಮೆ ಇಲ್ಲವೆಂದು ಹಂಗಿಸುತ್ತಿದ್ದರು. ಮಗಳ ಅಡುಗೆಮನೆಯಲ್ಲಿ ಎರೆದ ಮೊದಲ ಎಲೆಗಳು ಬೆರಳು ದಪ್ಪ ಬಂದವು. "ಅಮ್ಮ, ಇದು ಎಲೆನಾ, ಚಪ್ಪಲಿ ಅಟ್ಟೆನಾ?" ಎಂದಳು ಮಗಳು. ಗಂಡ ಮೀನಿನ ರೆಕ್ಕೆಗಳಿಗೆ ಹಳೆಯ ಮಲ್ಲು ಬಟ್ಟೆ ಹುಡುಕುತ್ತಿದ್ದದ್ದು ಆಮೇಲೆ ನೆನಪಾಯಿತು. ತೆಳು ಬಟ್ಟೆಯ ಚೂರನ್ನು ಕರಗಿದ ಮೇಣದಲ್ಲಿ ಅದ್ದಿ, ನಿಜವಾದ ಎಲೆಯ ನರಗಳ ಮೇಲೆ ಒತ್ತಿ ತೆಗೆದಾಗ ಅದು ಎಲೆಯಂತೆ ಮುದುಡಿತು. ಬಿಸಿ ಸೂಜಿಯಿಂದ ಅಲ್ಲಲ್ಲಿ ತೂತು ಮಾಡಿದರು. ಅಂಚಿಗೆ ಬೂಷ್ಟಿನ ಬಿಳಿ ಬಣ್ಣ ಹಚ್ಚಿದರು. ಅವತ್ತು ಅಡುಗೆ ಮಾಡಲು ಒಲೆ ಬಿಡುವಾಗಲಿಲ್ಲ. ಅಳಿಯ ಹೊರಗಿನಿಂದ ಊಟ ತಂದ.

ಹಕ್ಕಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹುಳ ಸಾಯಲೆಂದು ಫ್ರೀಜರಿನಲ್ಲಿಟ್ಟಿದ್ದರು. ಆಮೇಲೆ ಬೇಕಿದ್ದರೆ ಮನೆಗೆ ಒಯ್ಯಿರಿ ಎಂದು ಅಧಿಕಾರಿ ಹೇಳಿದಾಗ ಕೊಳದಮ್ಮ ಬೇಡವೆಂದರು. ಸಂಗ್ರಹಾಲಯದ ಹಿಂದಿನ ಅಂಗಳದಲ್ಲಿ ಗಿಡದ ಬುಡಕ್ಕೆ ಹಾಕಲು ಕಾವಲುಗಾರನಿಗೆ ಹೇಳಿದರು. ಅವನು ಗುಂಡಿ ತೋಡುವಾಗ ಪಕ್ಕದಲ್ಲಿ ನಿಂತಿದ್ದರು. ಆಳ ಸಾಕೇನಮ್ಮ ಎಂದು ಅವನು ಕೇಳಿದ. "ಸಾಕು. ಎರೆಹುಳಕ್ಕೆ ಎಟುಕಿದ್ರೆ ಆಯ್ತು" ಎಂದರು.

ಪೆಟ್ಟಿಗೆಗೆ ಈಗ ಬಿಳಿ ಬಟ್ಟೆ ಹೊದಿಸಿದೆ. ಹಲಗೆಯನ್ನು ಉಜ್ಜಿ ಹಳೆಯ ನೀರನ್ನು ತೆಗೆದಾಗಿದೆ. ಕೊಳದಮ್ಮ ದಿನವೂ ಬೆಳಿಗ್ಗೆ ಬಂದು, ಬೆಳಕು ಇರುವಷ್ಟು ಹೊತ್ತು ಅದರೆದುರು ಕೂತು ಬರೆಯುತ್ತಾರೆ. ಶಾಲೆಗಳು ಶುರುವಾಗುವ ವಾರ ಕೊಳ ಮತ್ತೆ ತೆರೆಯುತ್ತದೆ. ಅದರಲ್ಲಿ ಮೀನು ಹೆಚ್ಚಿರುತ್ತವೆ, ಗೊದಮೊಟ್ಟೆ ಕಡಿಮೆ ಇರುತ್ತವೆ, ಕೊಂಬೆಯ ಮೇಲೆ ಯಾರೂ ಇರುವುದಿಲ್ಲ.