ತಾತ ಹೂ ಕೇಳದ ದಿನ

ಕೊರಟಗೆರೆ ಬಸ್ ನಿಲ್ದಾಣದಲ್ಲಿ ಹೂವಿನವಳು ಕಣಗಿಲೆ ರಾಶಿಯ ಮೇಲೆ ನೀರು ಚಿಮುಕಿಸುವಾಗ ಒಂದು ವಾಸನೆ ಏಳುತ್ತದೆ. ಅದು ಮೂಗಿಗೆ ಬಡಿದರೆ ಸಾಕು, ನಾನು ಹತ್ತಬೇಕಾದ ಬಸ್ಸು ಹೊರಟುಹೋಗುತ್ತದೆ. ಹೋದರೆ ಹೋಗಲಿ ಬಿಡಿ, ಇನ್ನೊಂದು ಬರುತ್ತದೆ. ಒದ್ದೆ ಕಣಗಿಲೆ, ಎಣ್ಣೆ ಹಿಡಿದ ಕಲ್ಲು, ಸುಟ್ಟ ಬತ್ತಿ, ಇವು ಮೂರೂ ಸೇರಿದರೆ ಅದೇ ನನ್ನ ತಾತನ ವಾಸನೆ. ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿ ನಮ್ಮ ಮನೆಯಿತ್ತು. ಮನೆಗೆ ಅಂಟಿಕೊಂಡಂತೆ ಊರಮ್ಮನ ಗುಡಿ. ತಾತ, ಅಂದರೆ ನನ್ನ ಅವ್ವನ ಅಪ್ಪ, ಆ ಗುಡಿಯ ಪೂಜಾರಿ. ನನ್ನ ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ತವರಿಗೆ ಬಂದವಳು ಅಲ್ಲೇ ಉಳಿದುಬಿಟ್ಟಳು. ನಿಮ್ಮ ಮನೆಯಲ್ಲೂ ಒಬ್ಬ ದೊಡ್ಡ ಜೀವ ಇದ್ದಿರಬಹುದು, ನೀವೂ ಕಳೆದುಕೊಂಡಿರಬಹುದು. ಆದರೆ ನಮ್ಮ ತಾತನಂಥವನೇ ಇದ್ದ ಎಂದರೆ ಮಾತ್ರ ನಾನು ಒಪ್ಪುವವಳಲ್ಲ.

ನಮ್ಮ ಕಡೆ ದೇವರ ಹತ್ತಿರ ಹೂ ಕೇಳುವ ಪದ್ಧತಿ. ಊರಮ್ಮನ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಒಂದೊಂದು ಕಣಗಿಲೆ ಹೂ ಅಂಟಿಸಿ, ಮನಸ್ಸಿನ ಮಾತು ಹೇಳಿಕೊಂಡು ಕಣ್ಣು ಮಿಟುಕಿಸದೆ ಕಾಯಬೇಕು. ನೀರು ಆರುತ್ತ ಬಂದ ಹಾಗೆ ಒಂದು ಉದುರುತ್ತದೆ. ಬಲಗಡೆಯದು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಹೆಣ್ಣು ತರುವುದಕ್ಕೆ, ಬಾವಿ ತೋಡುವುದಕ್ಕೆ, ಮನೆ ಪಾಲಾಗುವುದಕ್ಕೆ ಎಲ್ಲಕ್ಕೂ ಹೂ ಕೇಳುತ್ತಿದ್ದರು. ಹೊಳವನಹಳ್ಳಿಯಿಂದ ಬರುತ್ತಿದ್ದರು, ಅಷ್ಟು ದೂರದ ವೈ.ಎನ್.ಹೊಸಕೋಟೆಯಿಂದಲೂ ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುತ್ತ ಬರುತ್ತಿದ್ದರು. ನೀರು ಹೆಚ್ಚಾದ ಹೂವು ತಡವಾಗಿ ಬೀಳುತ್ತದೆ ಎನ್ನುವುದು ಪೂಜಾರಿಗೆ ಗೊತ್ತಿಲ್ಲದ ಗುಟ್ಟೇನಲ್ಲ. ಆದರೂ ತಾತ ಎರಡು ಹೂವನ್ನೂ ಒಂದೇ ಬಟ್ಟಲಲ್ಲಿ ಒಂದೇ ಸಲ ಅದ್ದಿ, ಒಂದೇ ಸಲ ಕೊಡವಿ ಅಂಟಿಸುತ್ತಿದ್ದ. ಅದನ್ನು ನೋಡುವುದೇ ನನಗೊಂದು ಹೆಮ್ಮೆ. ನಮ್ಮ ತಾತನ ಕೈಗೆ ಮೋಸ ಬರುವುದಿಲ್ಲ ಅಂತ ಶಾಲೆಯಲ್ಲಿ ಜಗಳವಾಡಿ, ಒಬ್ಬಳ ಜಡೆಯನ್ನೂ ಹಿಡಿದೆಳೆದಿದ್ದೆ.

ನಾನು ಸಣ್ಣವಳಿದ್ದಾಗಲೇ ಬಾಯಿಬಡುಕಿ. ಒಂದು ದಿನ ಮಧ್ಯಾಹ್ನ ಡಬ್ಬಿಯಿಂದ ಬೆಲ್ಲ ಕದ್ದು ಸಿಕ್ಕಿಬಿದ್ದಾಗ, "ನಾನು ಕದೀತೀನಿ ಅಂತ ಊರಮ್ಮನಿಗೆ ಮೊದ್ಲೇ ಗೊತ್ತಿತ್ತಲ್ಲ ತಾತ, ಅಂದ್ಮೇಲೆ ಕದ್ಸಿದ್ದೂ ಅವಳೇ" ಎಂದು ವಾದ ಹೂಡಿದೆ. ತಾತ ಹೊಟ್ಟೆ ಹಿಡಿದುಕೊಂಡು ನಕ್ಕ. "ಡಬ್ಬಿ ಅಲ್ಲಿಟ್ರೆ ನೀನು ಕೈ ಹಾಕ್ತೀಯ ಅಂತ ನಂಗೂ ಗೊತ್ತಿತ್ತು ಕಣಮ್ಮ. ನಾನು ಕದ್ಸುದ್ನಾ? ಗೊತ್ತಿರೋದು ಬ್ಯಾರೆ, ಮಾಡ್ಸೋದು ಬ್ಯಾರೆ. ನಡಿ, ಬಾಯಿ ತೊಳ್ಕೊ" ಎಂದ. ದೊಡ್ಡ ದೊಡ್ಡ ಪಂಡಿತರ ಪ್ರವಚನಗಳನ್ನು ಆಮೇಲೆ ಕೇಳಿದ್ದೇನೆ. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಿಲ್ಲ.

ಏಳನೆಯ ತರಗತಿ ಮುಗಿದು ನನಗೆ ಮಧುಗಿರಿಯ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿತು. ಹಾಸ್ಟೆಲಿನಲ್ಲಿ ಇರಬೇಕು. ನಮ್ಮ ಮನೆಯ ಹೆಣ್ಣುಮಗು ಊರು ಬಿಟ್ಟು ಓದಲು ಹೋಗುವುದು ಅದೇ ಮೊದಲು. ಮೊದಲು ಎನ್ನುವುದು ಪೂರ್ತಿ ನಿಜವಲ್ಲ, ಹೋಗಬೇಕಾಗಿದ್ದವಳು ಅವ್ವ. ಅವಳೂ ಏಳನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗಳಾಗಿ, ಕೊರಟಗೆರೆಗೆ ಹೋಗಿ ಓದುತ್ತೇನೆ ಎಂದಿದ್ದಳಂತೆ. ತಾತ ಹೂ ಕೇಳಿದ. ಎಡಗಡೆಯದು ಬಿತ್ತು. ಅಷ್ಟೇ, ಪುಸ್ತಕಗಳು ಅಟ್ಟ ಸೇರಿದವು. ನಾನು ಕೇಳಿದಾಗಲೆಲ್ಲ ಅವ್ವ ಒಲೆ ಊದುತ್ತಲೇ "ತಾಯಿ ಬ್ಯಾಡ ಅಂದ್ಲು" ಎನ್ನುತ್ತಿದ್ದಳು. ಅವಳಿಗೆ ಸಿಟ್ಟೂ ಬರುತ್ತಿರಲಿಲ್ಲ. ಅದನ್ನು ಕಂಡರೆ ನನಗೇ ಉರಿದುಹೋಗುತ್ತಿತ್ತು.

ಹಾಸ್ಟೆಲಿನ ಅರ್ಜಿ ಬಂದ ದಿನ ಬೆಳಿಗ್ಗೆ ಅವ್ವನ ತಮ್ಮ, ನನ್ನ ಮಾವ, ಗುಡಿಯ ಬಟ್ಟಲನ್ನು ತೊಳೆದು ನೀರು ತುಂಬಿಸಿ ತಾತನ ಮುಂದೆ ಇಟ್ಟ. ಅವನೇನು ಕೆಟ್ಟವನಲ್ಲ, ಊರಿನ ಬಾಯಿಗೆ ಹೆದರುವವನು.

"ಒಂದ್ಸಲ ಹೂ ಕೇಳ್ಬುಡಪ್ಪ" ಎಂದ.

"ಕೇಳಲ್ಲ ಕಣ್ಲಾ."

ಎಲ್ಲರಿಗೂ ಕೇಳುವ ಪೂಜಾರಿ ತನ್ನ ಮನೆಯ ವಿಷಯಕ್ಕೆ ಕೇಳದಿದ್ದರೆ ಊರು ಸುಮ್ಮನಿರುತ್ತದೆಯೇ ಎಂದು ಮಾವ ಗೋಗರೆದ. ತಾತ ಮಿಸುಕಲಿಲ್ಲ. ಕೊನೆಗೆ ಮಾವ ದನಿ ತಗ್ಗಿಸಿ, "ಅಷ್ಟು ಭಯ ಇದ್ರೆ ಎಡಗಡೆ ಹೂವಿಗೆ ಒಸಿ ನೀರು ಜಾಸ್ತಿ ಹಾಕು. ನೋಡೋರ್ ಯಾರು?" ಎಂದ. ತಾತ ಎದ್ದು ನಿಂತ. ಆ ಕೋಪವನ್ನು ನಾನು ಇನ್ನೊಮ್ಮೆ ನೋಡಲಿಲ್ಲ. "ಕಳ್ಳತನ ಹೇಳ್ಕೊಡ್ತೀಯೇನ್ಲಾ ನಂಗೆ? ಕೇಳಿದ್ ಮ್ಯಾಲೆ ಅವಳ ಮಾತು ನಡೆಸ್ಬೇಕು. ಅದುಕ್ಕೇ ಕೇಳಲ್ಲ ಅಂತಿರೋದು. ಮಗೀನ ಓದ್ಸೋದು ನನ್ ಕೆಲ್ಸ, ಅವಳ ಕೆಲ್ಸ ಅಲ್ಲ."

"ಅಂಗಾದ್ರೆ ಅಕ್ಕನ ಸರದೀಲಿ ಯಾಕೆ ಕೇಳ್ದೆ?"

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತಾತ ಮಾವನನ್ನು ಬಿಟ್ಟು ಅವಳ ಕಡೆ ತಿರುಗಿದ. "ಅವತ್ತು ಬಿದ್ದಿದ್ದು ಬರೀ ಹೂವು ಕಣಮ್ಮ. ಬ್ಯಾಡ ಅಂದೋನು ನಾನು. ನಿನ್ನ ದೂರ ಕಳ್ಸಾಕೆ ನಂಗೆ ಧೈರ್ಯ ಇರ್ಲಿಲ್ಲ. ಅದನ್ನ ತಾಯಿ ತಲೆ ಮ್ಯಾಲೆ ಹಾಕ್ಬುಟ್ಟು ಇಷ್ಟು ವರ್ಸ ಆರಾಮಾಗಿ ಉಂಡ್ಕೊಂಡಿದ್ದೆ. ತಪ್ಪು ನಂದು."

ಹೀಗೆಂದು ಅರ್ಜಿಯನ್ನೂ ಪೆನ್ನನ್ನೂ ಅವಳ ಕೈಗೆ ಕೊಟ್ಟ. ಮನೆಯ ಯಜಮಾನ ಹಾಕಬೇಕಾದ ಸಹಿ ಅದು. "ಹೆತ್ತೋಳು ನೀನು, ನೀನೇ ಹಾಕು" ಎಂದ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ನೆಲಕ್ಕೆ ಕೂತು, ಗುಂಡಗಿನ ಅಕ್ಷರದಲ್ಲಿ ಪೂರ್ತಿ ಹೆಸರು ಬರೆದಳು. ಪೆನ್ನು ಅದೆಷ್ಟು ಒತ್ತಿದ್ದಳೆಂದರೆ ಹಾಳೆಯ ಹಿಂಬದಿಯಲ್ಲೂ ಹೆಸರು ಕೈಗೆ ಸಿಗುತ್ತಿತ್ತು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಮುಂದೆ ಹೆಡ್‌ಮಿಸ್ ಆಗಿ ನಾನು ಎಷ್ಟೋ ಮಕ್ಕಳ ಸರ್ಟಿಫಿಕೇಟಿಗೆ ಸಹಿ ಹಾಕಿದ್ದೇನೆ, ಅಂಥ ಗಟ್ಟಿ ಸಹಿ ನನ್ನ ಕೈಯಿಂದ ಬರಲಿಲ್ಲ.

ಆ ದಿನದ ನಂತರ ತಾತ ಯಾರಿಗೂ ಹೂ ಕೇಳಲಿಲ್ಲ. ನನ್ನ ಮನೆಗೆ ಬೇಡವಾದದ್ದನ್ನು ನಿಮಗೆ ಹೇಗೆ ಕೊಡಲಿ ಎನ್ನುತ್ತಿದ್ದ. ಹೂ ಕೇಳದ ಪೂಜಾರಿ ಯಾತಕ್ಕೆ ಎಂದು ಊರಿನವರು ಕೂತು ಮಾತಾಡಿ, ಪೂಜೆಯನ್ನು ಬೇರೆಯವರಿಗೆ ವಹಿಸಿದರು. ತಾತ ಬೀಗದಕೈಯನ್ನು ತಾನೇ ನಡೆದುಹೋಗಿ ಕೊಟ್ಟುಬಂದ. ಈಗ ಆ ಮನೆ ಇಲ್ಲ, ಗುಡಿಗೆ ಟೈಲ್ಸ್ ಬಂದು ಸುತ್ತ ಕಾಂಪೌಂಡ್ ಎದ್ದಿದೆ. ತಾತ ಹೋದ, ಮಾವ ಹೋದ, ಹೋದ ವರ್ಷ ಅವ್ವನೂ ಹೋದಳು. ಆ ಬೆಳಗನ್ನು ಕಂಡವರಲ್ಲಿ ಉಳಿದಿರುವುದು ನಾನೊಬ್ಬಳೇ. ಅದಕ್ಕೇ ನಿಮ್ಮ ಮುಂದೆ ಇಷ್ಟು ಹೇಳುತ್ತಿರುವುದು.

ಹಾಸ್ಟೆಲಿನಿಂದ ಮೊದಲ ದಸರಾ ರಜೆಗೆ ಬಂದಾಗ ತಾತ ಕೆಲಸವಿಲ್ಲದೆ ಜಗಲಿಯ ಮೇಲೆ ಕೂತಿದ್ದ. ನನ್ನ ಬಾಯಿ ಸುಮ್ಮನಿರಬೇಕಲ್ಲ. ನಾನು ಓದಲು ಹೋಗುತ್ತೇನೆ ಅಂತ ಊರಮ್ಮನಿಗೆ ಗೊತ್ತಿತ್ತಾ ಎಂದು ಕೇಳಿದೆ. "ಗೊತ್ತಿಲ್ದೆ ಏನು" ಎಂದ.

"ಅವ್ವನ್ನ ನೀನು ತಡೀತೀಯ ಅಂತ?"

ತಾತ ಬೆಟ್ಟದ ಕಡೆ ತಿರುಗಿದ. "ಅದೂ ಗೊತ್ತಿತ್ತು. ಇವನಿಗೆ ಎಂದಾದ್ರೂ ಒಂದಿನ ಬುದ್ಧಿ ಬತ್ತದೆ ಅಂತ ಕಾಯ್ಕಂಡ್ ಕುಂತಿದ್ಲು. ಅವಳಿಗೇನು, ಕಾಯಾಕೆ ಬೇಕಾದಷ್ಟು ಕಾಲ ಐತೆ."

ಒಳಗೆ ಅವ್ವ ಮುದ್ದೆ ತೊಳಸುತ್ತಿದ್ದಳು. ತಾತ ದನಿ ತಗ್ಗಿಸಿದ.

"ನಿಮ್ಮವ್ವಂಗೆ ಅಷ್ಟು ಕಾಲ ಇರ್ಲಿಲ್ಲ."