ಶೀಟಿನ ಕೆಳಗಿನ ಏಳನೇ ಕ್ಲಾಸು

ಫ್ಯಾನು ಕೋಣೆಯನ್ನು ತಂಪು ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನಿವೃತ್ತಿಯಾದರೂ ಟೀಚರ್ ಬುದ್ಧಿ ಬಿಡಲಿಲ್ಲ ಎಂದು ಮನೆಯವರು ನಗುತ್ತಾರೆ. ನಗಲಿ. ನಮ್ಮ ಏಳನೇ ಕ್ಲಾಸಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಒಂದು ಪೀರಿಯಡ್ ಕೂತು ಬಂದು ಆಮೇಲೆ ನಗಲಿ.

ನಾಗಸಂದ್ರದ ಕಡೆ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲವದು. ಪೀಣ್ಯದ ಕಾರ್ಖಾನೆಗಳ ಬೆನ್ನಿಗಿದ್ದ ಒಂದು ಸರ್ಕಾರಿ ಶಾಲೆಯಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತಿದ್ದೆ. ಮಕ್ಕಳು ಹೆಚ್ಚಾಗಿ ಕೋಣೆ ಸಾಲದೆ, ಅಂಗಳದ ಮೂಲೆಯಲ್ಲಿ ನಾಲ್ಕು ಗೋಡೆ ಎಬ್ಬಿಸಿ, ಮೇಲೆ ತಗಡಿನ ಶೀಟು ಹೊದಿಸಿ, ಏಳನೇ ತರಗತಿಯನ್ನು ಅಲ್ಲಿಗೆ ದಬ್ಬಿದ್ದರು. ತಾತ್ಕಾಲಿಕ ಎಂದಿದ್ದರಂತೆ. ನಾನು ಹೋಗುವ ಹೊತ್ತಿಗೆ ಆ ತಾತ್ಕಾಲಿಕದ ಮೊಳೆಗಳೆಲ್ಲ ತುಕ್ಕು ಹಿಡಿದಿದ್ದವು. ಹಾಗಂತ ಒಳ್ಳೆಯ ಕೋಣೆಯೇ ಇರಲಿಲ್ಲವೆಂದಲ್ಲ. ಆರ್‌ಸಿಸಿ ಚಾವಣಿಯ ದೊಡ್ಡ ಕೋಣೆಯೊಂದರಲ್ಲಿ ದಾನವಾಗಿ ಬಂದ ಕಂಪ್ಯೂಟರುಗಳು ಬಟ್ಟೆ ಹೊದ್ದು ಕೂತಿದ್ದವು. ಕಲಿಸುವವರಿಲ್ಲದ್ದರಿಂದ ಬಾಗಿಲಿಗೆ ಸದಾ ಬೀಗ.

ಫೆಬ್ರವರಿ ಕಳೆಯುವಾಗ ಉಷ್ಣ ಮತ್ತು ತಾಪದ ಪಾಠ ಬಂತು. ಒಂದು ಲೋಟ ಬಿಸಿಬಿಸಿ ಟೀ, ಒಂದು ಬಕೆಟ್ ಉಗುರುಬೆಚ್ಚಗಿನ ನೀರು. ಯಾವುದರ ತಾಪ ಜಾಸ್ತಿ? ಟೀ ಎಂದು ಇಡೀ ಕ್ಲಾಸು ಕೂಗಿತು. ಹಾಗಾದರೆ ಯಾವುದು ಹೆಚ್ಚು ಉಷ್ಣ ಹಿಡಿದುಕೊಂಡಿದೆ? ಇಲ್ಲಿ ಸಾಮಾನ್ಯವಾಗಿ ಮಕ್ಕಳು ಎಡವುತ್ತಾರೆ. ಇವರು ಎಡವಲಿಲ್ಲ. ಬೆಳಿಗ್ಗೆ ಎದ್ದು ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು, ಕರೆಂಟು ಹೋಗದಿರಲಪ್ಪ ಎಂದು ಕಾಯುವ ಬಾಡಿಗೆ ಮನೆಗಳ ಮಕ್ಕಳು. ಒಂದು ಬಕೆಟ್ ನೀರು ಎಷ್ಟು ಶಾಖ ಕುಡಿದು ಬೆಚ್ಚಗಾಗುತ್ತದೆಂದು ಅವರಿಗೆ ಗೊತ್ತಿತ್ತು. ನನಗೆ ಖುಷಿಯಾಯಿತು.

ಆ ಖುಷಿಯಲ್ಲೇ ಥರ್ಮಾಮೀಟರ್ ಕೊಟ್ಟು ಒಳಗೂ ಹೊರಗೂ ತಾಪ ನೋಡಿ ಬನ್ನಿ ಎಂದೆ. ಹೊಂಗೆ ಮರದ ನೆರಳಲ್ಲಿ ಮೂವತ್ತಮೂರು, ಕ್ಲಾಸಿನೊಳಗೆ ಮೂವತ್ತೊಂಬತ್ತು. "ಟೀಚರ್, ಹೊರಗಡೇನೇ ವಾಸಿ," ಎಂದ ಒಬ್ಬ. ವಾಸಿಯೇ. ಆದರೆ ಮರದ ಕೆಳಗೆ ಕೂರಿಸಿದರೆ ಪಕ್ಕದ ಕಾರ್ಖಾನೆಯ ಗ್ರೈಂಡಿಂಗ್ ಸದ್ದಿಗೆ ನನ್ನ ಗಂಟಲು ಹರಿದರೂ ಒಂದಕ್ಷರ ಕೇಳುತ್ತಿರಲಿಲ್ಲ.

ಆ ವಾರವೇ ಮುಂದಿನ ಬೆಂಚಿನ ಹುಡುಗಿಯ ಮೂಗಿನಿಂದ ರಕ್ತ ಸುರಿಯಿತು. ರಾಯಚೂರು ಕಡೆಯಿಂದ ಬಂದ ಕುಟುಂಬ. ತಾಯಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಹುಡುಗಿಯನ್ನು ಕರೆದುಕೊಂಡು ಹೆಡ್‌ಮಾಸ್ಟರ ಕೋಣೆಗೆ ಹೋದೆ.

"ಬಾಡಿ ಹೀಟ್ ಮೇಡಂ, ಇನ್ನೇನಿಲ್ಲ," ಎಂದರು ಅವರು. "ಏನ್ ತಿಂದ್ಯಮ್ಮ? ಪರಂಗಿ ಹಣ್ಣಾ?"

"ಇಲ್ರಿ ಸರ, ರೊಟ್ಟಿ, ಶೇಂಗಾ ಚಟ್ನಿ."

"ನೋಡಿದ್ರಾ, ಕಡ್ಲೆಕಾಯಿ! ಮಜ್ಜಿಗೆ ಕುಡೀಬೇಕಮ್ಮ."

ನಮ್ಮಲ್ಲಿ ಇದೊಂದು ರೋಗ. ನೆತ್ತಿಯ ಮೇಲೆ ತಗಡು ಕಾದು ಕೆಂಡವಾಗಿದ್ದರೂ ತಪ್ಪು ಮಾತ್ರ ಹೊಟ್ಟೆಯೊಳಗಿನ ಕಡಲೆಕಾಯಿಯದು. ಕಂಪ್ಯೂಟರ್ ಕೋಣೆಯನ್ನು ಏಳನೇ ಕ್ಲಾಸಿಗೆ ಕೊಡಿ ಎಂದು ಅವತ್ತೇ ಕೇಳಿದೆ.

"ಕಂಪ್ಯೂಟರ್‌ಗೆ ಹೀಟ್ ಆಗಬಾರದು ಮೇಡಂ. ಕೆಟ್ಟೋದ್ರೆ ಕೊಟ್ಟೋರಿಗೆ ಏನ್ ಹೇಳ್ಲಿ?"

"ಮಕ್ಕಳಿಗೆ ಆಗಬಹುದಾ ಸಾರ್?"

"ಮಕ್ಕಳು ಅಡ್ಜಸ್ಟ್ ಆಗ್ತಾರೆ."

ಎರಡನೇ ಸಲ ರಕ್ತ ಬಂದಾಗ ತಾಯಿಯನ್ನು ಕರೆಸಬೇಕಾಯಿತು. ಕೆಲಸ ಅರ್ಧಕ್ಕೆ ಬಿಟ್ಟು, ಬಟ್ಟೆಯ ನೂಲು ಮೈಗೆಲ್ಲ ಅಂಟಿಸಿಕೊಂಡೇ ಬಂದಳು. "ಅಕ್ಕೋರ, ನಮ್ಮೂರಾಗ ಇದಕ್ಕಿಂತ ಬಿಸಲ ಐತ್ರಿ. ಅಲ್ಲಿ ಇಕಿಗೆ ಒಂದ ದಿನಾನೂ ಹಿಂಗ ಆಗಿಲ್ಲ. ಬ್ಯಾಸಗ್ಯಾಗ ಮುಂಜಾನಿ ಸಾಲಿ ಇರತೈತಿ, ಮಧ್ಯಾಹ್ನ ಮಣ್ಣಿನ ಮನಿಯಾಗ ತಣ್ಣಗ ಇರ್ತಿದ್ಲು. ಮ್ಯಾಲಿಂದ ಮ್ಯಾಲೆ ಕರದ್ರ ಸೂಪರ್ವೈಸರ್ ನನ್ನ ಹೊರಗ ಹಾಕ್ತಾನ್ರಿ. ಇನ್ನೊಮ್ಮಿ ಹಿಂಗಾತಂದ್ರ ಇಕಿನ್ನ ಊರಿಗೆ ಕಳಸ್ತೀನಿ."

ಅವರ ಊರಿನ ಶಾಲೆ ಐದನೇ ತರಗತಿಗೆ ಮುಗಿಯುತ್ತಿತ್ತು. ಊರಿಗೆ ಕಳಿಸುವುದೆಂದರೆ ಓದಿಗೆ ಅಲ್ಲಿಗೇ ಮಂಗಳ ಹಾಡುವುದು. ಇದು ನನಗೂ ಗೊತ್ತಿತ್ತು, ತಾಯಿಗೂ ಗೊತ್ತಿತ್ತು, ಬಾಗಿಲ ಹತ್ತಿರ ನೆಲ ನೋಡುತ್ತಾ ನಿಂತಿದ್ದ ಹುಡುಗಿಗೂ ಗೊತ್ತಿತ್ತು. ಬೆಂಗಳೂರಿನ ಶಾಲೆಗಳಿಗೆ ಮುಂಜಾನೆ ಶಾಲೆ ಇಲ್ಲ. ಇದು ತಂಪು ಊರಂತೆ! ಆ ತಂಪು ಶೀಟಿನ ಕೆಳಗೆ ಇಳಿಯುವುದಿಲ್ಲವೆಂದು ನಾನು ಯಾರಿಗೆ ಹೇಳಲಿ?

ಅಷ್ಟರಲ್ಲಿ ಒಂದು ಕಂಪನಿಯವರು ಶಾಲೆಗೆ ಏನಾದರೂ ಕೊಡಬೇಕೆಂದಿದ್ದಾರೆ ಎಂಬ ಸುದ್ದಿ ಬಂತು. ಶೀಟಿನ ಕೆಳಗೆ ಹಲಗೆಯ ಸೀಲಿಂಗ್ ಹೊಡೆಸಿಕೊಡಿ ಎಂದು ಕೇಳೋಣವೆಂದೆ. ಹೆಡ್‌ಮಾಸ್ಟರು ತಲೆಯಾಡಿಸಿ, ಫ್ಯಾನು ಕೇಳಿದರು. ಫ್ಯಾನಿಗೆ ಸ್ವಿಚ್ ಒತ್ತಿ ಉದ್ಘಾಟನೆ ಮಾಡಬಹುದು. ಸೀಲಿಂಗಿಗೆ ಒತ್ತಲು ಏನಿದೆ?

ನಾನೂ ಸುಮ್ಮನೆ ಕೂರುವವಳಲ್ಲ. ಕಂಪನಿಯವರು ಕೋಣೆ ನೋಡಲು ಬರುವ ದಿನ ಮಧ್ಯಾಹ್ನವೇ ಬರಲಿ ಎಂದು ಹಟ ಹಿಡಿದೆ. ಅವರೆದುರು ಒಂದು ಪ್ರಯೋಗ ಮಾಡಲು ಅದೇ ಹುಡುಗಿಯನ್ನು ನಿಲ್ಲಿಸಿದೆ. ಬಂದವರು ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಹುಡುಗ ಹುಡುಗಿಯರು, ಕೆಟ್ಟವರೇನಲ್ಲ. ಬೆವರು ಒರೆಸಿಕೊಳ್ಳುತ್ತಾ ಮಕ್ಕಳ ಜತೆ ಬೆಂಚಿನ ಮೇಲೆಯೇ ಕೂತರು.

ಹುಡುಗಿ ಥರ್ಮಾಮೀಟರ್ ತೂಗುಹಾಕಿ ತಾಪ ಓದಿದಳು. ಇದ್ದ ಒಂದು ಹಳೇ ಫ್ಯಾನು ಹಾಕಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓದಿದಳು. ಪಾದರಸದ ಗೆರೆ ಅಲ್ಲಾಡಿರಲಿಲ್ಲ. ಆಮೇಲೆ ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದಳು. ಗೆರೆ ಸರಸರ ಇಳಿಯಿತು.

"ಫ್ಯಾನು ಖೋಲಿ ತಂಪು ಮಾಡಂಗಿಲ್ರಿ," ಎಂದಳು. "ಬೆವರು ಆರಸ್ತೈತಿ, ಅದಕ್ಕ ನಮಗ ತಂಪನಸ್ತೈತಿ. ಥರ್ಮಾಮೀಟರ್ ಬೆವರಂಗಿಲ್ಲ, ಅದು ಖರೇ ಹೇಳತೈತಿ. ಬಿಸಿ ಬರೂದು ತಗಡಿನಿಂದ್ರಿ. ಅದರ ಬುಡಕ ಹಲಗಿ ಹೊಡದ್ರ ಕಡಿಮಿ ಆಗತೈತಿ."

ಇದಕ್ಕಿಂತ ಬಿಡಿಸಿ ನಾನೂ ಹೇಳಲಾರೆ. ಚಪ್ಪಾಳೆಯೋ ಚಪ್ಪಾಳೆ. ಅವರ ಮುಖ್ಯಸ್ಥ ಎದ್ದು ನಿಂತು, "ಸಕ್ಕತ್ ಮೇಡಂ! ಇನ್ನೊಂದ್ಸಲ ಹೇಳ್ಸಿ, ವಿಡಿಯೋ ಸರಿಯಾಗಿ ಬರ್ಲಿಲ್ಲ," ಎಂದ. ಹುಡುಗಿ ಪಾಪ, ಮತ್ತೆ ಹೇಳಿದಳು.

"ಹಾಗಾದ್ರೆ ಸೀಲಿಂಗ್?" ಎಂದೆ.

"ಅದು ನೆಕ್ಸ್ಟ್ ಇಯರ್ ನೋಡೋಣ. ಈ ಸಲ ಫ್ಯಾನ್‌ಗೆ ಅಪ್ರೂವಲ್ ಆಗ್ಬಿಟ್ಟಿದೆ. ಒಂದ್ ಫ್ಯಾನಿಂದ ಏನೂ ಆಗಲ್ಲ ಅಂತ ಪಾಪು ತೋರಿಸ್ತಲ್ಲ, ಅದಕ್ಕೇ ಇನ್ನೂ ನಾಲ್ಕು ಹಾಕ್ತೀವಿ!"

ಮಕ್ಕಳು ಗೊಳ್ಳೆಂದು ನಕ್ಕರು. ಸಂತೋಷಕ್ಕೆ ನಗುತ್ತಿದ್ದಾರೆಂದು ಅವನೂ ನಕ್ಕ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಪ್ರಯೋಗ ಗೆದ್ದಿತ್ತು, ಹುಡುಗಿ ಗೆದ್ದಿದ್ದಳು, ಕೋಣೆ ಮಾತ್ರ ಹಾಗೇ ಇತ್ತು.

ಫ್ಯಾನುಗಳು ಬಂದವು. ಈಗ ಕ್ಲಾಸು ತಂಪಾಯಿತೆಂದು ಹೆಡ್‌ಮಾಸ್ಟರು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಆದರೆ ಆ ಫ್ಯಾನುಗಳು ಶೀಟಿನ ಬುಡದಲ್ಲಿ ಸುಮ್ಮನೆ ನಿಂತಿರುತ್ತಿದ್ದ ಬಿಸಿಗಾಳಿಯನ್ನು ಮಕ್ಕಳ ತಲೆಯ ಮೇಲೆ ಸುರಿಯತೊಡಗಿದವು. ಮಾರ್ಚ್ ನಡುವಿನ ಒಂದು ಮಧ್ಯಾಹ್ನ ಹುಡುಗಿಯ ಮೂಗಿನಿಂದ ಮತ್ತೆ ರಕ್ತ ಬಂತು. ಮರುದಿನ ಬೆಳಿಗ್ಗೆ ತಾಯಿ ಟಿಸಿ ಕೇಳಲು ಬಂದು ಹೆಡ್‌ಮಾಸ್ಟರ ಮೇಜಿನ ಮುಂದೆ ನಿಂತಳು. ಪರೀಕ್ಷೆಗೆ ಮೂರು ವಾರವೂ ಇರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಒಳಗೆ ನುಗ್ಗಿ ಹೇಳಿದೆ: "ಸಾರ್, ಈಗ ಆ ಕ್ಲಾಸಲ್ಲಿ ಐದು ಫ್ಯಾನಿದೆ. ತಂಪಾಗಿದೆ ಅಂತ ನೀವೇ ಹೇಳ್ತಿದ್ದೀರಿ. ಕಂಪ್ಯೂಟರ್‌ಗಳನ್ನ ಅಲ್ಲಿಗೆ ಸಾಗಿಸೋಣ, ಮಕ್ಕಳು ಆ ಕಂಪ್ಯೂಟರ್ ಕೋಣೇಲಿ ಕೂರ್ಲಿ. ಇವತ್ತೇ ಮಾಡಿದ್ರೆ ಈ ತಾಯಿ ಟಿಸಿ ಕೇಳಲ್ಲ."

ಹೆಡ್‌ಮಾಸ್ಟರು ಗಾಬರಿಯಿಂದ ನನ್ನ ಮುಖ ನೋಡಿದರು. "ಏನ್ ಮೇಡಂ ನೀವು, ಸೈನ್ಸ್ ಟೀಚರ್ ಆಗಿ ಹೀಗಂತೀರಲ್ಲ! ಫ್ಯಾನ್ ಹಾಕ್ಬಿಟ್ರೆ ಆ ಶೀಟಿನ ಕಾವು ಹೋಗ್ಬಿಡುತ್ತಾ? ಎಲ್ಲಾ ಸುಟ್ಟೋಗ್ತವೆ ಅಷ್ಟೆ."

ತಾಯಿಯ ಪಕ್ಕದಲ್ಲಿದ್ದ ಹುಡುಗಿ ನನ್ನ ಕಡೆ ನೋಡಿ ಮೆಲ್ಲಗೆ, "ಸರ ಈಗ ಖರೇ ಉತ್ತರ ಹೇಳಿದ್ರಲ್ರಿ ಟೀಚರ್," ಎಂದಳು.

ಅವಳ ತಾಯಿ ಹೆಡ್‌ಮಾಸ್ಟರನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ, "ಬರದು ಕೊಡ್ರಿ ಸರ, ಕೆಲಸಕ್ಕ ಹೊತ್ತಾಗತೈತಿ," ಎಂದಳು. ಅವರು ಪೆನ್ನಿನ ಮುಚ್ಚಳ ತೆಗೆದು ಬರೆದುಕೊಟ್ಟರು.