ಖಾಲಿ ಲೋಟದ ಕಾಫಿ

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಇವತ್ತು ಸಂಜೆ ಟಿವಿಯಲ್ಲಿ ಯಾವ ಧಾರಾವಾಹಿ ಬಂದರೂ ಸರಿ, ಕಥೆಯನ್ನು ಅದರ ಪಾಡಿಗೆ ಬಿಟ್ಟು, ಕಾಫಿ ಲೋಟವನ್ನು ಮಾತ್ರ ಗಮನಿಸಿ. ಸೊಸೆ ತಟ್ಟೆಯಲ್ಲಿ ನಾಲ್ಕು ಸ್ಟೀಲ್ ಲೋಟ ಇಟ್ಟುಕೊಂಡು ಧಡಧಡನೆ ಮೆಟ್ಟಿಲಿಳಿದು ಬರುತ್ತಾಳೆ, ಒಂದು ಹನಿಯೂ ತುಳುಕುವುದಿಲ್ಲ. ಅತ್ತೆ ಆ ಹೊಗೆಯಾಡಬೇಕಾದ ಲೋಟವನ್ನು ಬರಿ ಮುಷ್ಟಿಯಲ್ಲಿ ಹಿಡಿದು, ಬೈಗುಳದ ಭರದಲ್ಲಿ ಅದನ್ನು ಅರ್ಧ ಮಗುಚಿ, ಮತ್ತೆ ನೆಟ್ಟಗೆ ಮಾಡಿ, ಗಟಗಟ ಕುಡಿದು ಕೆಳಗಿಡುತ್ತಾಳೆ. ಅದರಲ್ಲಿ ಕಾಫಿ ಇಲ್ಲ ಸ್ವಾಮಿ! ಇಷ್ಟು ದೊಡ್ಡ ಬಂಗಲೆ ಕಟ್ಟಿದವರಿಗೆ, ಅಷ್ಟು ರೇಷ್ಮೆ ಸೀರೆ ಉಡಿಸಿದವರಿಗೆ, ಒಂದು ಲೋಟ ಕಾಫಿ ಕಾಯಿಸುವ ಯೋಗ್ಯತೆ ಇಲ್ಲವೇ?

ನನಗೆ ಮೈ ಉರಿಯುವುದಕ್ಕೆ ಕಾರಣವಿದೆ. ಒಡ್ಡನ್‌ಛತ್ರಂ ಎಂಬ ತಮಿಳುನಾಡಿನ ಊರಿನ ತರಕಾರಿ ಮಂಡಿಯಲ್ಲಿ ಮೂವತ್ತು ವರ್ಷ ತಕ್ಕಡಿಯ ಪಕ್ಕ ನಿಂತವನು ನಾನು. ಓದಿದ್ದು ತಮಿಳು, ಮನೆಯ ಮಾತು ತಲೆಮಾರುಗಳಿಂದ ಹರಿದುಬಂದ ಹಳೆಯ ಕನ್ನಡ, ಕನ್ನಡದ ಅಕ್ಷರ ಮಾತ್ರ ಮೈಸೂರು ಕಡೆಯ ಲಾರಿ ಡ್ರೈವರುಗಳು ಬಿಟ್ಟುಹೋದ ಪತ್ರಿಕೆಗಳಿಂದ ಕಲಿತದ್ದು. ಆದರೆ ನನ್ನ ನಿಜವಾದ ವಿದ್ಯೆ ತೂಕ. ಮೂಟೆ ಹೊತ್ತವನ ಕುತ್ತಿಗೆಯ ನರ ನೋಡಿ ಅದರಲ್ಲಿರುವುದು ನೀವು ನುಗ್ಗೆ ಎನ್ನುವ ಮುರುಂಗೆಕಾಯಿಯೋ ಈರುಳ್ಳಿಯೋ, ಎಷ್ಟು ಕಿಲೋ, ಎಂದು ತಕ್ಕಡಿಗಿಂತ ಮೊದಲೇ ಹೇಳುತ್ತಿದ್ದೆ. ಭಾರ ಹೊತ್ತವನು ಮಾತಾಡುವುದಿಲ್ಲ, ಅವನ ಉಸಿರೆಲ್ಲ ಬೆನ್ನಿಗೆ ಬೇಕು. ಸಿನಿಮಾದ ನಾಯಕನೋ, ಹೆಗಲ ಮೇಲೆ ಹತ್ತಿಯಷ್ಟು ಹಗುರವಾದ ಮೂಟೆ ಇಟ್ಟುಕೊಂಡು ಅನ್ನದಾತನ ಬಗ್ಗೆ ಎರಡು ಪುಟ ಭಾಷಣ ಬಿಗಿಯುತ್ತಾನೆ.

ಇನ್ನೂ ಇವೆ ನನ್ನ ದೂರುಗಳು. ಗಂಡನ ಮನೆ ಬಿಟ್ಟು ಹೊರಡುವವಳು ಜೀವಮಾನದ ಬಟ್ಟೆಬರೆಯ ಪೆಟ್ಟಿಗೆಯನ್ನು ಕಿರುಬೆರಳಲ್ಲಿ ಎತ್ತುತ್ತಾಳೆ. ಕಂಬಂ ದ್ರಾಕ್ಷಿ ತೋಟದಲ್ಲಿ ನಾಯಕಿ ತಲೆ ಎತ್ತಿಕೊಂಡು ಓಡುತ್ತಾಳೆ, ಅಲ್ಲಿಯ ಚಪ್ಪರದಡಿ ನಾವೆಲ್ಲ ಬೆನ್ನು ಬಗ್ಗಿಸಿಯೇ ನಡೆಯಬೇಕು. ಯಾರಾದರೂ ಒಂದು ಸುದ್ದಿ ಹೇಳಿದರೆ ಸಾಕು, ಮನೆಯವರ ಮುಖಗಳನ್ನೆಲ್ಲ ಗುಡುಗಿನ ಸದ್ದಿನೊಂದಿಗೆ ಮೂರು ಮೂರು ಸಲ ತೋರಿಸುತ್ತಾರೆ. ಕಥೆಯ ವಿಚಾರಕ್ಕೆ ಬಂದರಂತೂ ಪಿತ್ತ ನೆತ್ತಿಗೇರುತ್ತದೆ: ಒಂದು ಗುಟ್ಟು, ಅದನ್ನು ಒಂದೇ ಸೂರಿನಡಿ ಇರುವವರಿಂದ ತಿಂಗಳುಗಟ್ಟಲೆ ಮುಚ್ಚಿಡುವುದು, ಅಷ್ಟೇ ಇವರಿಗೆ ಗೊತ್ತಿರುವ ಕಥೆ.

ಈ ದೂರುಗಳಿಗೆ ಕಿವಿಯಾದವಳು ನನ್ನ ಹೆಂಡತಿ ಚಿನ್ನತಾಯಿ. ಸಂಜೆ ಏಳರ ಧಾರಾವಾಹಿಗೆ ಅವಳು ಎರಡು ಲೋಟ ಕಾಫಿ ತರುತ್ತಾಳೆ, ನನಗೊಂದು, ತನಗೊಂದು. ಹೋದ ವರ್ಷ ಮಗಳು ಸುಮತಿ ಚೊಚ್ಚಲ ಹೆರಿಗೆಗೆಂದು ನಮ್ಮಲ್ಲಿಗೆ ಬಂದಿದ್ದಳು. ಮೊದಲ ಹೆರಿಗೆ ತಾಯಿಮನೆಯಲ್ಲೇ, ತಾಯಿಯ ಕೈಯಲ್ಲೇ ಆಗಬೇಕೆಂಬುದು ನಮ್ಮವರ ಪದ್ಧತಿ. ಆಗ ನಡೆಯುತ್ತಿದ್ದ ಧಾರಾವಾಹಿಯಲ್ಲಿ ನಾಯಕಿ ತನ್ನ ಕಾಯಿಲೆಯನ್ನು ಗಂಡನಿಗೆ ಹೇಳದೆ ನಾಲ್ಕು ತಿಂಗಳು ಕಳೆದಿದ್ದಳು. ನಾನು ಎಂದಿನಂತೆ ಕೂಗಾಡಿದೆ: “ಅದೆಂಗೆ ಗೊತ್ತಾಗ್ದೆ ಇರ್ತದೆ? ಅವನೇನು ಗಂಡನಾ, ಗೋಡೆಯಾ? ಕತೆ ಬರೆಯೋನ್ಗೆ ಮೂಳೆ ಇಲ್ವಾ?” ಮೂಳೆ ಎಂದರೆ ನಮ್ಮ ಕಡೆ ಮೆದುಳು, ತಮಿಳಿನಿಂದ ಬಂದ ಮಾತು.

ಚಿನ್ನತಾಯಿ ತನ್ನ ಲೋಟವನ್ನು ಎರಡು ಸಲ ಊದಿ, ಒಂದು ಗುಟುಕು ಹೀರಿ, ಸೆರಗಿನಿಂದ ತುಟಿ ಒರೆಸಿಕೊಂಡು, “ಇರ್ತದೆ, ಬಿಡುಂಗ” ಎಂದಳು. ಆ ‘ಉಂಗ’ ನಮ್ಮ ಮಾತಿನಲ್ಲಿ ಗಂಡನಿಗೆ ಕೊಡುವ ಮರ್ಯಾದೆ.

ಅದಾದ ವಾರದೊಳಗೆ ಒಂದು ಸಂಜೆ ಪರದೆಯ ಮೇಲಿನ ಅತ್ತೆಯನ್ನು ಬೈಯುತ್ತಲೇ ಕೈ ಚಾಚಿ ನನ್ನ ಲೋಟದ ಬದಲು ಅವಳ ಲೋಟ ಎತ್ತಿಕೊಂಡೆ. ಕೈಗೆ ಭಾರವೇ ಹತ್ತಲಿಲ್ಲ. ಒಳಗೆ ನೋಡಿದೆ. ಕುಡಿದು ಮುಗಿಸಿದ ಲೋಟದಲ್ಲಿ ನೊರೆಯ ಗೆರೆ ಇರುತ್ತದಲ್ಲ, ಅದೂ ಇರಲಿಲ್ಲ. ತೊಳೆದು ಒರೆಸಿದ ಒಣ ಲೋಟ. ಈಗ ತಾನೇ ಅದನ್ನು ಅವಳು ಊದಿದ್ದಳು.

ಗುಡುಗು ಕೇಳಿಸಲಿಲ್ಲ, ಅವಳ ಮುಖವೂ ಒಂದೇ ಸಲ ನನ್ನ ಕಡೆ ತಿರುಗಿತು.

“ಏನಿದು, ಚಿನ್ನತಾಯಿ?” ಎಂದೆ.

“ಮೆಲ್ಲ ಮಾತಾಡುಂಗ, ಒಳ್ಗೆ ಮಗ್ಳು ಮಲ್ಗವ್ಳೆ” ಎಂದಳು. “ಗಂಟ್ಲಾಗೆ ಏನೋ ಅಡ್ಡ ಕುಂತದೆ. ನಿಮ್ಮುಂದೆ ಕುಡುದ್ರೆ ಕೆಮ್ಮು ಬರ್ತದೆ, ಗೊತ್ತಾಗ್ತದೆ. ಮಗು ಬಂದ್ ಮ್ಯಾಕೆ ಹೇಳಾಣಾಂತಿದ್ದೆ.”

“ಯಾವಾಗಿಂದ?”

“ಅವ್ಳು ಬರೋಕ್ ಮುಂಚೆಯಿಂದಾನೇ.”

ಸುಮತಿ ಬಂದೇ ಮೂರು ತಿಂಗಳಾಗಿತ್ತು! ಆರಿದ ಗಂಜಿಯನ್ನು ಅಡುಗೆಮನೆಯಲ್ಲಿ ಒಬ್ಬಳೇ ಕುಳಿತು, ಅರ್ಧ ಗಂಟೆ ಹಿಡಿದು, ಗುಟುಕು ಗುಟುಕಾಗಿ ಇಳಿಸುತ್ತಿದ್ದಳಂತೆ. ಹೇಳಿದರೆ ನಾನು ಆ ಕ್ಷಣವೇ ಮದುರೆಯ ಆಸ್ಪತ್ರೆಗೆ ಎಳೆದೊಯ್ಯುತ್ತೇನೆ, ಮಗಳ ಹೆರಿಗೆ ಬೇರೆ ಯಾರದೋ ಕೈಯಲ್ಲಾಗುತ್ತದೆ ಎಂಬುದೇ ಅವಳ ಭಯ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳ ಮೇಲೆ ಬಂತು, ಆ ಪದ್ಧತಿಯ ಮೇಲೆ ಬಂತು, ಕಡೆಗೆ ಸುತ್ತಿ ಬಳಸಿ ನನ್ನ ಮೇಲೇ ಬಂತು. ಅವಳ ರವಿಕೆ ಸಡಿಲವಾದದ್ದನ್ನು ಓಡಾಟದ ಆಯಾಸ ಎಂದುಕೊಂಡಿದ್ದೆ. ಊರವರ ಮೂಟೆಯ ತೂಕವನ್ನು ದೂರದಿಂದಲೇ ಹೇಳುತ್ತಿದ್ದವನಿಗೆ ಮಗ್ಗುಲಲ್ಲಿ ಕುಳಿತವಳು ಕರಗುತ್ತಿದ್ದದ್ದು ಕಾಣಿಸಲಿಲ್ಲ.

ಮರುದಿನ ಬೆಳಿಗ್ಗೆಯೇ ಮದುರೆಗೆ ಹೊರಟೆವು. ಸುಮತಿ ಅತ್ತು ತಾನೂ ಬರುತ್ತೇನೆಂದಳು, ನಾನು ಬಿಡಲಿಲ್ಲ. ಗಂಟಲ ಗಂಟನ್ನು ಕತ್ತರಿಸಿ ತೆಗೆದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು, ಮೂರು ತಿಂಗಳಿಗೊಮ್ಮೆ ಬಂದು ತೋರಿಸುತ್ತಿರಿ, ಎಂದರು ಡಾಕ್ಟರು. ಚಿನ್ನತಾಯಿ ಆಸ್ಪತ್ರೆಯಲ್ಲಿರುವಾಗಲೇ ಊರಲ್ಲಿ ಮೊಮ್ಮಗಳು ಹುಟ್ಟಿದಳು, ಹೆರಿಗೆ ನೋಡಿಕೊಂಡವಳು ನನ್ನ ತಂಗಿ. ಅದೊಂದಕ್ಕೆ ಮಾತ್ರ ಅವಳು ನನ್ನನ್ನು ಇಂದಿಗೂ ಕ್ಷಮಿಸಿಲ್ಲ.

ಆ ಸಂಜೆಗಳನ್ನು ಈಗ ಮತ್ತೆ ಮತ್ತೆ ನೆನೆಯುತ್ತೇನೆ. ಇಲ್ಲದ ಕಾಫಿಗೆ ಅವಳು ಎಷ್ಟು ಸರಿಯಾದ ಭಾರ ಕೊಟ್ಟಿದ್ದಳು! ಮಣಿಕಟ್ಟು ಎಷ್ಟು ಬೇಕೋ ಅಷ್ಟೇ ಬಾಗುತ್ತಿತ್ತು, ಬಿಸಿಗೆಂದು ಬೆರಳು ಅಂಚಿನಲ್ಲೇ ನಿಲ್ಲುತ್ತಿತ್ತು. ಟಿವಿಯವರಿಂದ ನಾನು ಇಷ್ಟು ವರ್ಷ ಗಂಟಲು ಹರಿದುಕೊಂಡು ಕೇಳಿದ್ದು ಇದನ್ನೇ ತಾನೇ? ಹಾಗಿರುವ ನಟನೆಯ ಪಕ್ಕದಲ್ಲೇ ಕುಳಿತು ನಾನು ಮೋಸಹೋದೆ. ಪರದೆಯ ಮೇಲಿನ ಕೆಟ್ಟ ನಟನೆಯನ್ನು ಇನ್ನು ಬೈಯಬಾರದು ಅನ್ನಿಸುತ್ತದೆ. ಆದರೂ ಬೈಯುತ್ತೇನೆ, ಚಟ.

ಈಗಲೂ ಸಂಜೆ ಏಳಕ್ಕೆ ಎರಡು ಲೋಟ ಬರುತ್ತವೆ. ಅವಳದರಲ್ಲಿ ಅರ್ಧವೇ, ಅದೂ ಆರಿಸಿದ್ದು. ಪರದೆಯ ಸೊಸೆ ಖಾಲಿ ಲೋಟ ಕುಣಿಸುತ್ತ ಬಂದರೆ ಚಿನ್ನತಾಯಿಯೇ, “ಬಂದ್ಳು ನೋಡುಂಗ ನಿಮ್ಮವ್ಳು” ಎಂದು ಛೇಡಿಸುತ್ತಾಳೆ. ಆಮೇಲೆ ನಾನು ಕೇಳದಿದ್ದರೂ ತನ್ನ ಲೋಟವನ್ನು ನನ್ನ ಕಡೆ ವಾಲಿಸಿ ತೋರಿಸುತ್ತಾಳೆ. ನಾನು ಬಗ್ಗಿ ನೋಡುತ್ತೇನೆ, ಕಾಫಿ ಇರುತ್ತದೆ. ಅವಳು ಒಂದು ಗುಟುಕು ನುಂಗುತ್ತಾಳೆ. ಕಾಫಿ ಕಡಿಮೆಯಾಗಿದೆಯೇ ಎಂದು ನಾನು ಇನ್ನೊಮ್ಮೆ ಬಗ್ಗಿ ನೋಡುತ್ತೇನೆ.